ಬಾಲ ಅಳೆದು ದಾರಿ ಹೇಳಿದ ನರಿ

ಒಂದು ಕಾಡಿನಲ್ಲಿ ಪುಟ್ಟತಾಯಮ್ಮ ಎಂಬ ಮುಳ್ಳುಹಂದಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಆಕೆ ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ, ಯಾರ ಗೆಡ್ಡೆಯನ್ನೂ ಕದ್ದವಳಲ್ಲ. ಆದರೂ ದಿನಕ್ಕೆ ನಾಲ್ಕು ಮುಳ್ಳು ಉದುರುತ್ತಿದ್ದವು. ಕಾರಣ ಇಷ್ಟೇ: ಆಕೆ ಕಾಡಿನ ಪಾಠಶಾಲೆಯ ಮೇಷ್ಟ್ರಮ್ಮ. ಓದು ಮುಗಿಸಿದ ಮರಿಗಳು ಮುಂದೆ ಯಾವ ವಿದ್ಯೆ ಹಿಡಿಯಬೇಕು ಎಂದು ದಾರಿ ತೋರಿಸುವ ಕೆಲಸ ಆಕೆಯದು. ಅಂಥ ಕೆಲಸ ಮಾಡುವವರ ಮೈಮೇಲೆ ಮುಳ್ಳು ಉಳಿದರೆ ಅದೇ ದೊಡ್ಡದು.

ಆ ಕಾಡಿನಲ್ಲಿ ಕಲಿಯಲು ಐದು ವಿದ್ಯೆಗಳಿದ್ದವು. ಜೇನುಗಲ್ಲು ಎಂಬ ಕಡಿದಾದ ಬಂಡೆ ಹತ್ತಿ ಜೇನು ಇಳಿಸುವುದು ಒಂದು. ಮರದ ತುದಿಯಲ್ಲಿ ಕೂತು ಕಾವಲು ಕೂಗುವುದು ಇನ್ನೊಂದು. ಮದ್ದು ಅರೆಯುವುದು, ಗೂಡು ಹೆಣೆಯುವುದು, ಬೇಸಿಗೆಯಲ್ಲಿ ನೀರಿನ ಜಾಡು ಹಿಡಿಯುವುದು ಉಳಿದ ಮೂರು. ಯುಗಾದಿ ಕಳೆದ ಮೇಲೆ ಮಣ್ಣಿನ ದಿನ ಎಂದು ಒಂದು ದಿನ; ಅಂದು ಮರಿಗಳೆಲ್ಲ ಕೊಳದ ದಂಡೆಗೆ, ಕಾಡಿಗೇ ಹಿರಿಯ ಆನೆ ದೊಡ್ಡಮ್ಮನ ಮುಂದೆ ಬರಬೇಕು. ಅಲ್ಲಿ ಜೇಡಿಮಣ್ಣು ಕಲಸಿ, ವಿದ್ಯೆಗೊಂದರಂತೆ ಐದು ಕಲ್ಲು ನೆಟ್ಟಿರುತ್ತಾರೆ. ತನಗೆ ಬೇಕಾದ ವಿದ್ಯೆಯ ಕಲ್ಲಿನ ಮುಂದೆ ಮರಿ ಹೆಜ್ಜೆ ಊರಬೇಕು. ಬಿಸಿಲಿಗೆ ಮಣ್ಣು ಒಣಗಿತೋ, ಮುಗಿಯಿತು. ನಾಲ್ಕು ಮಳೆಗಾಲ ಅದೇ ವಿದ್ಯೆ. ಅತ್ತರೂ ಅಷ್ಟೇ, ಕರೆದರೂ ಅಷ್ಟೇ.

ಹಿರಿಯರೇನು ದಡ್ಡರಲ್ಲ. ಮರಿಗಳು ಕಣ್ಣು ಮುಚ್ಚಿಕೊಂಡು ಹೆಜ್ಜೆ ಊರಬಾರದೆಂದು ಜೊತೆನಡಿಗೆ ಎಂಬ ಕಟ್ಟಳೆ ಮಾಡಿಟ್ಟಿದ್ದರು. ‘ನೀನು ಈ ವಿದ್ಯೆ ಹಿಡಿ’ ಎಂದು ಯಾರು ಹೇಳುತ್ತಾರೋ ಅವರು ಆ ಮರಿಯ ಜೊತೆ, ಆ ಕೆಲಸದಲ್ಲಿ, ಮೂರು ದಿನ ನಡೆಯಬೇಕು. ಬುಟ್ಟಿಯನ್ನೂ ಹೇಳಿದವರೇ ಹೊರಬೇಕು. ಮೂರು ದಿನ ಕಳೆದ ಮೇಲೂ ಮರಿ ‘ಹೂಂ’ ಅಂದರೆ ಹೆಜ್ಜೆ ಊರಬಹುದು. ಹೇಳುವುದು ಸುಲಭ, ಬುಟ್ಟಿ ಹೊರುವುದು ಕಷ್ಟ. ಹಾಗಾಗಿ ಆ ಕಾಡಿನಲ್ಲಿ ಬಿಟ್ಟಿ ಸಲಹೆ ಕೊಡುವವರೇ ಇರಲಿಲ್ಲ. ವರ್ಷ ವರ್ಷವೂ ಮರಿಗಳನ್ನು ಗುಂಪು ಗುಂಪಾಗಿ ಕರೆದುಕೊಂಡು ನಡೆಯುತ್ತಿದ್ದವಳು ಪುಟ್ಟತಾಯಮ್ಮ ಒಬ್ಬಳೇ. ಬುಟ್ಟಿ ಉಜ್ಜಿ ಉಜ್ಜಿ ಆಕೆಯ ಬೆನ್ನ ನಡುವೆ ಅಂಗೈ ಅಗಲದ ಜಾಗ ಬೋಳಾಗಿತ್ತು.

ಈ ವರ್ಷ ಹತ್ತೊಂಬತ್ತು ಮರಿಗಳು. ಒಂದೊಂದೂ ಒಂದೊಂದು ರತ್ನ. ಮೊಲದ ಮರಿಗೆ ಗೆಳತಿ ಹಿಡಿದ ವಿದ್ಯೆಯೇ ಬೇಕು. ಗೆಳತಿ ಯಾವುದು ಹಿಡಿದಿದ್ದಾಳೆ ಎಂದರೆ ಅದು ಗೊತ್ತಿಲ್ಲ. ಕಾಡೆಮ್ಮೆಯ ಮಗನಿಗೆ ಮಲಗಿಕೊಂಡೇ ಕಲಿಯುವಂಥದ್ದು ಯಾವುದಾದರೂ ಇದ್ದರೆ ಸಾಕು. ನವಿಲಮ್ಮನಂತೂ ಮಗಳಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

“ಜಿಂಕೆ ಮನೆಯವರು ಮಗಳಿಗೆ ಯಾವುದು ಕೊಡಿಸ್ತಾರೋ ಅದನ್ನೇ ನಮ್ಮವಳಿಗೂ ಕೊಡಿ ಮೇಷ್ಟ್ರಮ್ಮ.”

“ಜಿಂಕೆ ಮನೆಯವರು ಬೆಳಿಗ್ಗೆ ಬಂದು, ನವಿಲಿನ ಮಗಳಿಗೆ ಯಾವುದೋ ಅದೇ ಇರಲಿ ಅಂತ ಹೇಳಿಹೋದ್ರು ಕಣಮ್ಮ!” ಎಂದು ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು.

ಎಲ್ಲರಿಗಿಂತ ಹೆಚ್ಚು ಗೋಳು ಹೊಯ್ದುಕೊಂಡವನು ಕರಡಿ ಮರಿ ಕಾಳಿಂಗ. ಪಾಪದ ಮರಿ, ಎದುರು ಮಾತಾಡಿದವನೇ ಅಲ್ಲ. ಗೋಳೆಲ್ಲ ಅದರಿಂದಲೇ.

“ನಿನಗೆ ಏನು ಇಷ್ಟ ಮಗಾ?”

“ಗೊತ್ತಿಲ್ಲ ಮೇಷ್ಟ್ರಮ್ಮ.”

“ಹೋಗಲಿ, ಏನು ಇಷ್ಟ ಇಲ್ಲ?”

“ಅದೂ ಗೊತ್ತಿಲ್ಲ.”

“ಕಾವಲು ಕೂಗ್ತೀಯಾ?”

“ಕೂಗಬಹುದೇನೋ.”

“ಗೂಡು ಹೆಣೀತೀಯಾ?”

“ಹೆಣೀಬಹುದೇನೋ.”

“ಹೋಗಿ ಆ ಕೊಳಕ್ಕೆ ಬೀಳ್ತೀಯಾ?”

“ನೀವು ಹೇಳಿದ್ರೆ...”

ಪುಟ್ಟತಾಯಮ್ಮನ ಮೂರು ಮುಳ್ಳು ಒಟ್ಟಿಗೆ ಸಿಡಿದು ಹಿಂದಿದ್ದ ಹುತ್ತಕ್ಕೆ ನೆಟ್ಟುಕೊಂಡವು.

ಮಗನ ಪಕ್ಕದಲ್ಲಿ ಕೂತಿದ್ದ ತಾಯಿ ಕರಿಯಮ್ಮನಿಗೆ ಇದೆಲ್ಲ ಕಾಲಹರಣ ಎನಿಸಿತು. “ಅವನನ್ನೇನು ಕೇಳ್ತೀರಿ? ಕರಡಿ ಕುಲದಲ್ಲಿ ಹುಟ್ಟಿದ ಮೇಲೆ ಜೇನೇ. ಇವನ ತಾತ ಜೇನುಗಲ್ಲಿನ ನೆತ್ತಿ ಹತ್ತಿ ಜೇನು ಇಳಿಸಿದವರು” ಎಂದಳು.

“ತಾತ ಹತ್ತಿದ್ರು, ಸರಿ. ಇವನು ಹತ್ತುತ್ತಾನಾ ಅಂತ ನೋಡೋದು ಬೇಡವಾ? ನಾಳೆಯಿಂದ ಮೂರು ದಿನ ಜೇನುಗಲ್ಲಿಗೆ ಕರ್ಕೊಂಡು ಹೋಗ್ತೀನಿ. ಆಗದಿದ್ರೆ ಇನ್ನೊಂದು ಕೆಲಸ, ಅದೂ ಆಗದಿದ್ರೆ ಮತ್ತೊಂದು.”

“ಅಷ್ಟು ದಿನ ಯಾರು ಅಲೀತಾರೆ ಮೇಷ್ಟ್ರಮ್ಮ? ಅತ್ತಿಮರದ ಕೆಳಗೆ ಸಿಂಗಾರಯ್ಯನವರು ಒಂದೇ ಗಳಿಗೇಲಿ ಹೇಳ್ತಾರಂತೆ” ಎಂದು ಕರಿಯಮ್ಮ ಮಗನ ಕೈ ಹಿಡಿದು ಎಳೆದುಕೊಂಡು ಹೋದಳು.

ಸಿಂಗಾರಯ್ಯ ಒಬ್ಬ ನರಿ. ಮೊನ್ನೆ ಮೊನ್ನೆಯವರೆಗೂ ಊರ ಅಂಚಿನ ಕೋಳಿಗೂಡುಗಳ ಬಳಿ ಓಡಾಡಿಕೊಂಡಿದ್ದವನು. ಈಗ ಹಣೆಗೆ ಕೆಮ್ಮಣ್ಣು ಬಳಿದುಕೊಂಡು, ಒಂದು ಬಳ್ಳಿ ಹಿಡಿದು, ಮರಿಗಳ ಬಾಲ ಅಳೆದು ಭವಿಷ್ಯ ಹೇಳುತ್ತಿದ್ದ. ಪುಟ್ಟತಾಯಮ್ಮನ ಪಾಠಶಾಲೆಯ ನೆರಳಿನಲ್ಲಿ ನೊಣ ಹಾರುತ್ತಿದ್ದರೆ ಅವನ ಅತ್ತಿಮರದ ಕೆಳಗೆ ಸಾಲು ನಿಂತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ಸಂಕಟ ತಡೆಯದೆ ಪುಟ್ಟತಾಯಮ್ಮ ಹಿಂದೆಯೇ ಹೋಗಿ ಪೊದೆಯ ಮರೆಯಲ್ಲಿ ನಿಂತಳು. ಮುಸುವನ ಮರಿಯ ಉದ್ದ ಬಾಲ ಅಳೆದು ನರಿ ಹೇಳಿದ: “ಬಂಡೆಯ ಮೇಲೆ ಆಯ ತಪ್ಪದ ಬಾಲ. ಜೇನು ಹಿಡಿ.” ಮೊಲದ ಮರಿಯ ಮೋಟು ಬಾಲ ನೋಡಿ ಹೇಳಿದ: “ಎಲ್ಲೂ ಸಿಕ್ಕಿಹಾಕಿಕೊಳ್ಳದ ಬಾಲ. ಜೇನು ಹಿಡಿ.” ಕಾಡೆಮ್ಮೆಯ ಮಗನ ಬಾಲದ ಕುಚ್ಚು ಮುಟ್ಟಿ ಹೇಳಿದ: “ಹುಳು ಓಡಿಸಲು ಚಾಮರ ಇದ್ದಂಗಿದೆ. ಜೇನು ಹಿಡಿ.” ಕಾಡೆಮ್ಮೆ ಜೇನುಗಲ್ಲು ಹತ್ತುವುದುಂಟೆ ಎಂದು ಯಾರೂ ಕೇಳಲಿಲ್ಲ. ಸಾಲಿನಲ್ಲಿ ನಿಂತವರಿಗೆ ತಮ್ಮ ಸರದಿ ಬಂದರೆ ಸಾಕಾಗಿತ್ತು.

ಕಾಳಿಂಗನ ಸರದಿ ಬಂತು. ಅವನು ಅಮ್ಮನಿಗೆ ಕೇಳಿಸದಂತೆ ಪಿಸುಗುಟ್ಟಿದ: “ಸ್ವಾಮಿ, ಎತ್ತರ ಹತ್ತಿದ್ರೆ ನನಗೆ ತಲೆ ಸುತ್ತುತ್ತೆ.”

“ಗಿಡ್ಡ ಬಾಲದವರಿಗೆ ತಲೆ ಸುತ್ತಲ್ಲ. ಅದು ನಿನ್ನ ಭ್ರಮೆ. ಜೇನು ಹಿಡಿ. ಮಣ್ಣಿನ ದಿನ, ಜೊತೆ ನಡೆದವರು ಯಾರು ಅಂತ ಆನೆ ದೊಡ್ಡಮ್ಮ ಕೇಳಿದ್ರೆ ಧೈರ್ಯವಾಗಿ ನನ್ನ ಹೆಸರು ಹೇಳು. ಮುಂದಿನವರು ಬನ್ನಿ!”

ಪೊದೆಯ ಹಿಂದಿದ್ದ ಪುಟ್ಟತಾಯಮ್ಮನಿಗೆ ಆ ಪಿಸುಮಾತೂ ಕೇಳಿಸಿತ್ತು. ಜೇನುಗಲ್ಲು ಹನ್ನೆರಡು ಆನೆ ಎತ್ತರ. ತಲೆ ಸುತ್ತುವ ಮರಿ ನಾಲ್ಕು ಮಳೆಗಾಲ ಅದನ್ನು ಹತ್ತಿಳಿಯಬೇಕು. ನಾಲ್ಕು ಮಳೆಗಾಲ ಏನು ಬಂತು, ನಾಲ್ಕು ದಿನ ಉಳಿದರೆ ಪುಣ್ಯ.

ಆಕೆ ಕರಿಯಮ್ಮನ ಗುಹೆಗೆ ಹೋಗಿ ಬಿಡಿಸಿ ಹೇಳಿದಳು. ಕರಿಯಮ್ಮ ನಕ್ಕುಬಿಟ್ಟಳು. “ಕರಡಿಗೆ ತಲೆ ಸುತ್ತೋದಾ? ನಾಲ್ಕು ಸಲ ಹತ್ತಿದ್ರೆ ಸರಿ ಹೋಗ್ತಾನೆ” ಎಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಲ್ಲಿಂದ ಪುಟ್ಟತಾಯಮ್ಮ ಉರಿದುಕೊಂಡೇ ಜೇನುಗಲ್ಲಿನ ದಾರಿ ಹಿಡಿದಳು. ಬಂಡೆಯ ಬುಡದಲ್ಲಿ ಸಿಂಗಾರಯ್ಯ ಬಾಲದಿಂದ ನೆಲ ಗುಡಿಸಿ, ಮುತ್ತುಗದ ಎಲೆಗಳನ್ನು ಒತ್ತೊತ್ತಾಗಿ ಹಾಸುತ್ತಿದ್ದ.

“ಏನಯ್ಯಾ, ಯಾರ ಮದುವೆ?”

“ಹತ್ತೊಂಬತ್ತು ಹೊಸಬರು ಹತ್ತುತ್ತಾರಲ್ಲ ಮೇಷ್ಟ್ರಮ್ಮ” ಎಂದು ನರಿ ಮೂತಿ ನೆಕ್ಕಿಕೊಂಡ. “ಹೊಸಬರ ಕೈ ನಡುಗುತ್ತೆ, ಜೇನುಹುಟ್ಟು ಜಾರುತ್ತೆ. ಮಣ್ಣುಪಾಲಾಗಿ ವ್ಯರ್ಥ ಆಗಬಾರದಲ್ಲ, ಅದಕ್ಕೆ.”

“ಮರಿಯೇ ಜಾರಿ ಬಿದ್ರೆ?”

“ಎಲೆ ಮೆತ್ತಗಿರುತ್ತೆ ಬಿಡಿ.”

ಈಗ ಪುಟ್ಟತಾಯಮ್ಮನಿಗೆ ಎಲ್ಲ ಅರ್ಥವಾಯಿತು. ಇವನ ಬಾಯಿಗೆ ಬೀಳುವ ನಾಲ್ಕು ತೊಟ್ಟು ಜೇನಿಗೆ ಹತ್ತೊಂಬತ್ತು ಮರಿಗಳ ಬಾಳು! ಕೋಪದಿಂದ ಮೈಯ ಮುಳ್ಳೆಲ್ಲ ನಿಗುರಿದವು. ಆದರೆ ಕೂಗಾಡಿ ಫಲವಿಲ್ಲ. ಮೇಷ್ಟ್ರಮ್ಮನ ಹೊಟ್ಟೆಕಿಚ್ಚು ಎಂದು ಎಲ್ಲರೂ ಆಡಿಕೊಳ್ಳುತ್ತಾರೆ, ಅಷ್ಟೇ. ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು.

ಮಣ್ಣಿನ ದಿನ ಬಂದೇ ಬಿಟ್ಟಿತು. ಕೊಳದ ದಂಡೆಯಲ್ಲಿ ಕಾಡೆಲ್ಲ ನೆರೆದಿತ್ತು. ಆನೆ ದೊಡ್ಡಮ್ಮ ಐದು ಕಲ್ಲುಗಳ ಪಕ್ಕದಲ್ಲಿ ನಿಂತು, ಪದ್ಧತಿಯಂತೆ ಒಂದೊಂದೇ ಮರಿಯನ್ನು ಕರೆದು ಕೇಳತೊಡಗಿತು.

“ಯಾವ ವಿದ್ಯೆ?”

“ಜೇನು.”

“ಜೊತೆ ನಡೆದವರು ಯಾರು?”

“ಸಿಂಗಾರಯ್ಯನವರು.”

ಎರಡನೆಯ ಮರಿಯೂ ಜೇನು, ಸಿಂಗಾರಯ್ಯ. ಮೂರನೆಯದೂ ಅದೇ. ಹತ್ತೊಂಬತ್ತೂ ಅದೇ. ತನ್ನ ಹೆಸರು ಬಂದಾಗಲೆಲ್ಲ ನರಿ ಎದೆಯುಬ್ಬಿಸಿ ಅತ್ತ ಇತ್ತ ನೋಡುತ್ತಿದ್ದ. ಕೊನೆಗೆ ನಿಂತಿದ್ದ ಕಾಳಿಂಗ ‘ಜೇನು’ ಎಂದದ್ದು ಯಾರಿಗೂ ಸರಿಯಾಗಿ ಕೇಳಿಸಲೇ ಇಲ್ಲ. ಅವನ ಕಾಲು ಜೇನಿನ ಕಲ್ಲಿನ ಕಡೆಗೆ ಹೊರಟಿತು.

“ನಿಲ್ಲು!” ಎಂದು ಪುಟ್ಟತಾಯಮ್ಮ ಮುಂದೆ ನುಗ್ಗಿದಳು. “ದೊಡ್ಡಮ್ಮ, ಹತ್ತೊಂಬತ್ತು ಮರಿಗಳ ಜೊತೆ ಮೂರು ಮೂರು ದಿನ ನಡೆದವರ ಬೆನ್ನು ಹೇಗಿರಬೇಕು? ಇಲ್ಲಿ ನೋಡಿ ನನ್ನದು.” ಬೋಳು ಬೆನ್ನು ತಿರುಗಿಸಿ ತೋರಿಸಿದಳು. “ಇನ್ನು ಆ ಪುಣ್ಯಾತ್ಮನ ಬೆನ್ನು ನೋಡಿ. ಒಂದು ಕೂದಲು ಕೊಂಕಿದ್ರೆ ಹೇಳಿ!”

ಎಲ್ಲರೂ ನರಿಯ ಬೆನ್ನು ನೋಡಿದರು. ತುಪ್ಪ ಸವರಿದಂತೆ ಮಿರಮಿರ ಮಿಂಚುತ್ತಿತ್ತು. ದೊಡ್ಡಮ್ಮ ಕಿವಿ ಬೀಸುವುದನ್ನು ನಿಲ್ಲಿಸಿತು.

“ನಡೆದಿದ್ದೀಯೇನಯ್ಯಾ?”

“ಅದು... ಮನಸ್ಸಿನಲ್ಲೇ ಜೊತೆಗಿದ್ದೆ ದೊಡ್ಡಮ್ಮ.”

“ಮನಸ್ಸಿನಲ್ಲಿ ಬುಟ್ಟಿ ಹೊರೋಕೆ ಆಗಲ್ಲ. ನಾಳೆಯಿಂದ ಮೂರು ದಿನ ಕಾಲಲ್ಲಿ ನಡಿ. ಅಲ್ಲಿವರೆಗೂ ಈ ಮಣ್ಣು ಒಣಗದಂಗೆ ನಾನು ನೀರು ಹಾಕ್ತೀನಿ. ತಪ್ಪಿಸಿಕೊಂಡ್ಯೋ, ಈ ಕಾಡಿನಲ್ಲಿ ನಿನಗೆ ಜಾಗ ಇಲ್ಲ” ಎಂದು ದೊಡ್ಡಮ್ಮ ಸೊಂಡಿಲು ಕೊಳಕ್ಕೆ ಇಳಿಬಿಟ್ಟಿತು.

ಮಾರನೆಯ ಬೆಳಿಗ್ಗೆ ಹತ್ತೊಂಬತ್ತು ಮರಿಗಳೂ ಅವುಗಳ ಹೆತ್ತವರೂ ಜೇನುಗಲ್ಲಿನ ಬುಡದಲ್ಲಿ ಸೇರಿದರು. ಬೆನ್ನಿಗೆ ಬುಟ್ಟಿ ಕಟ್ಟಿಸಿಕೊಂಡ ಸಿಂಗಾರಯ್ಯ ಕಾಲು ನೋವೆಂದ, ಸೊಂಟ ಉಳುಕಿದೆ ಎಂದ, ಇವತ್ತು ಗಳಿಗೆ ಚೆನ್ನಾಗಿಲ್ಲ ಎಂದ. ಯಾರೂ ಕೇಳಲಿಲ್ಲ. ಕಡೆಗೆ, “ಮೊದಲು ಕರಡಿ ಮರಿ ಹತ್ತಲಿ, ಅವನ ಕುಲಕಸುಬು” ಎಂದು ಕಾಳಿಂಗನನ್ನು ಮುಂದೆ ತಳ್ಳಿ, ತಾನು ಅವನ ಹಿಂದೆ ತೆವಳಿದ.

ಒಂದು ಆನೆ ಎತ್ತರ ಹತ್ತಿದರು. ಎರಡು ಆನೆ ಎತ್ತರ. ಅಲ್ಲಿ ಕಾಳಿಂಗ ಬಂಡೆಯನ್ನು ತಬ್ಬಿಕೊಂಡು ನಿಂತುಬಿಟ್ಟ. ಅವನ ಹಿಂಗಾಲುಗಳು ಗಡಗಡ ನಡುಗುವುದು ಕೆಳಗಿನವರಿಗೂ ಕಾಣುತ್ತಿತ್ತು. ಪುಟ್ಟತಾಯಮ್ಮ ಬಂಡೆಯ ಬುಡಕ್ಕೆ ಒತ್ತಿ ನಿಂತಳು. ಪಕ್ಕದಲ್ಲಿ ಕರಿಯಮ್ಮನ ನಗು ಮಾಯವಾಗಿತ್ತು.

“ಹತ್ತೋ, ಹತ್ತು! ನಿನ್ನ ಬಾಲದಲ್ಲೇ ಬರೆದಿದೆ” ಎಂದು ನರಿ ಹಿಂದಿನಿಂದ ತಿವಿದ.

ಕಾಳಿಂಗ ಕಣ್ಣು ಮುಚ್ಚಿಕೊಂಡೇ ಕೂಗಿದ: “ನನ್ನ ಕೈಲಿ ಆಗಲ್ಲ! ನನಗೆ ಜೇನು ಬೇಡ!”

ಹುಟ್ಟಿದಾಗಿನಿಂದ ‘ಗೊತ್ತಿಲ್ಲ’ ಎಂದೇ ಬದುಕಿದ್ದ ಮರಿಯ ಬಾಯಿಂದ ಬಂದ ಮೊದಲ ಗಟ್ಟಿ ಮಾತು ಅದು. ಆ ಹೆದರಿಕೆಯ ನಡುವೆಯೂ ಪುಟ್ಟತಾಯಮ್ಮನಿಗೆ ಸಂತೋಷವಾಯಿತು.

“ಇಳಿ ಕಂದಾ, ಇಳಿದು ಬಾ! ನಿಧಾನ!” ಎಂದು ಕರಿಯಮ್ಮ ಚೀರಿದಳು.

ಕಾಳಿಂಗ ಹೊಟ್ಟೆಯನ್ನು ಬಂಡೆಗೆ ಒತ್ತಿಕೊಂಡು, ನರಿಯ ಪಕ್ಕದಿಂದಲೇ ಒಂದೊಂದೇ ಗೇಣು ಜಾರಿ ನೆಲ ಮುಟ್ಟಿದ. ಸಿಂಗಾರಯ್ಯನೂ ಇಳಿದಿದ್ದರೆ ಬಚಾವಾಗುತ್ತಿದ್ದ. ಆದರೆ ಕೈಗೆಟುಕುವ ದೂರದಲ್ಲಿ ಒಂದು ಜೇನುಹುಟ್ಟು ಕಾಣಿಸಿತು. ಜೇನು ತೊಟ್ಟಿಕ್ಕುತ್ತಿತ್ತು. ನರಿಬುದ್ಧಿ ಎಲ್ಲಿ ಹೋದೀತು? ‘ಇಷ್ಟು ದೂರ ಬಂದದ್ದಕ್ಕೆ ಒಂದು ತುಂಡಾದರೂ ಇರಲಿ’ ಎಂದು ಕೈ ಚಾಚಿದ. ಹೆಜ್ಜೇನಿಗೆ ಬಾಲ ಉದ್ದವೋ ಗಿಡ್ಡವೋ ಎಂಬ ಲೆಕ್ಕವಿಲ್ಲ. ಗುಂಯ್ ಎಂದು ಎದ್ದು ಅವನನ್ನು ಮುತ್ತಿಕೊಂಡವು. ನರಿ ಬುಟ್ಟಿಸಮೇತ ಉರುಳಿ, ತಾನೇ ಹಾಸಿದ್ದ ಎಲೆಗಳ ಮೇಲೆ ಧೊಪ್ಪೆಂದು ಬಿದ್ದ. ಉಳಿದವರೆಲ್ಲ ಪೊದೆಗಳಿಗೆ ನುಗ್ಗಿ ಪಾರಾದರು. ಎಲೆ ಅಷ್ಟೇನೂ ಮೆತ್ತಗಿರಲಿಲ್ಲ ಎಂದು ಆಮೇಲೆ ನರಿಯೇ ಒಪ್ಪಿಕೊಂಡ.

ಹುಳುಗಳು ತಣ್ಣಗಾದ ಮೇಲೆ ನರಿಯನ್ನು ಎಳೆದುಕೊಂಡು ಮುಂಗುಸಿ ಈರಜ್ಜನ ಮದ್ದಿನ ಬಿಲದ ಬಳಿ ಹಾಕಿದರು. ಮೂತಿ ಹಲಸಿನಕಾಯಿಯಷ್ಟಾಗಿತ್ತು. ಬಾಲ ಸೋರೆಕಾಯಿಯಂತೆ ಊದಿತ್ತು. ಈರಜ್ಜ ಮೂಸಿ ನೋಡಿ ತಲೆಯಾಡಿಸಿದ.

“ಕೊಂಡಿಗಳು ಒಳಗೇ ಉಳಿದಿವೆ. ಒಂದೊಂದಾಗಿ ತೆಗೆದ ಮೇಲೇ ಮದ್ದು ಹತ್ತೋದು. ನನ್ನ ಕಣ್ಣು ಮಂಜು. ಯಾರಾದ್ರೂ ಕೂರ್ರಪ್ಪ.”

ಮುಸುವ ಮೂಗು ಮುಚ್ಚಿಕೊಂಡಿತು. ಮೊಲ ಮುಖ ತಿರುಗಿಸಿತು. ಕಾಡೆಮ್ಮೆಯ ಮಗ ಆಗಲೇ ಮಲಗಿದ್ದ. ಕಾಳಿಂಗ ನರಿಯ ನರಳಾಟ ನೋಡಲಾಗದೆ ಪಕ್ಕದಲ್ಲಿ ಕೂತ. ಉಗುರಿನ ತುದಿಯಿಂದ ಒಂದು ಕೊಂಡಿಯನ್ನು ಮೆಲ್ಲಗೆ ಕೆರೆದು ತೆಗೆದ. ಇನ್ನೊಂದು ತೆಗೆದ. ಆಮೇಲೆ ಅವನು ತಲೆ ಎತ್ತಲಿಲ್ಲ.

ಪುಟ್ಟತಾಯಮ್ಮ ದೂರದಲ್ಲಿ ಕೂತು ನೋಡಿದಳು. ಹೊತ್ತು ನೆತ್ತಿಗೆ ಬಂತು, ಅಲ್ಲಿಂದ ಇಳಿಯಿತು. ತಿನ್ನುವುದೆಂದರೆ ಪ್ರಾಣ ಬಿಡುವ ಕರಡಿ ಮರಿ ಊಟವನ್ನೇ ಕೇಳಲಿಲ್ಲ. ನರಿ ‘ಅಯ್ಯಯ್ಯೋ’ ಎಂದು ಒದ್ದಾಡಿದಾಗ, “ಅಲ್ಲಾಡಬೇಡಿ! ಮುರಿದ್ರೆ ಒಳಗೇ ಉಳಿಯುತ್ತೆ” ಎಂದು ಗದರಿದ. ಈರಜ್ಜನಿಗೇ, “ಸೊಪ್ಪು ಇನ್ನೂ ನುಣ್ಣಗೆ ಬೇಕು ಅಜ್ಜ” ಎಂದು ಹೇಳಿದ.

ಮೇಷ್ಟ್ರಮ್ಮನಿಗೆ ಒಮ್ಮೆಲೇ ತನ್ನ ಮೇಲೇ ಸಿಟ್ಟು ಬಂತು. ‘ಏನು ಇಷ್ಟ, ಏನು ಇಷ್ಟ’ ಎಂದು ನೆರಳಲ್ಲಿ ಕೂರಿಸಿಕೊಂಡು ಅವನ ಜೀವ ತಿಂದಿದ್ದಳಲ್ಲ! ಬಾಯಿಗೇ ಇಡದ ಹಣ್ಣಿನ ರುಚಿ ಕೇಳಿದರೆ ಮರಿ ತಾನೇ ಏನು ಹೇಳೀತು? ‘ಗೊತ್ತಿಲ್ಲ’ ಎಂದದ್ದು ಸತ್ಯವಾಗಿಯೇ ಇತ್ತು.

ಆದರೂ ಕಟ್ಟಳೆ ಕಟ್ಟಳೆಯೇ. ಒಂದು ಮಧ್ಯಾಹ್ನದ ಕೆಲಸ ನೋಡಿ ನಾಲ್ಕು ಮಳೆಗಾಲ ತೀರ್ಮಾನಿಸಲು ಆಕೆ ಸಿಂಗಾರಯ್ಯನಲ್ಲ. ಒಂದು ದಿನ ಜೇನುಗಲ್ಲಿನಲ್ಲೇ ಕಳೆದಿದ್ದರಿಂದ ದೊಡ್ಡಮ್ಮನನ್ನು ಕೇಳಿ ಇನ್ನೊಂದು ದಿನದ ಅವಧಿ ಪಡೆದಳು. ಬೇರೆ ಬೇರೆ ವಿದ್ಯೆಯ ಹಿರಿಯರು ಗೊಣಗಿಕೊಂಡೇ ಉಳಿದ ಮರಿಗಳನ್ನು ಹಂಚಿಕೊಂಡು ಕರೆದೊಯ್ದರು. ಕಾಳಿಂಗನ ಜೊತೆ ಬುಟ್ಟಿ ಹೊತ್ತು ಪುಟ್ಟತಾಯಮ್ಮ ನಡೆದಳು. ಮೊದಲ ದಿನ ಮುಳ್ಳುಪೊದೆಯಲ್ಲಿ ಬೇರು ಅಗೆದರು. ಎರಡನೆಯ ದಿನ ಬೆಳಗಿನಿಂದ ಸಂಜೆವರೆಗೆ ಅರೆದದ್ದೇ ಅರೆದದ್ದು. “ಕೈ ಬಿದ್ದುಹೋಗ್ತಿದೆ ಮೇಷ್ಟ್ರಮ್ಮ” ಎಂದು ಕಾಳಿಂಗ ಮುಖ ಊದಿಸಿಕೊಂಡ. ಮೂರನೆಯ ದಿನ ಮುದಿ ಹಂದಿಯ ಕೀವು ತುಂಬಿದ ಗಾಯ ತೊಳೆಯಬೇಕಾಯಿತು. ವಾಸನೆಗೆ ಪುಟ್ಟತಾಯಮ್ಮನೇ ಎದ್ದು ಹೋದಳು.

“ಈಗ ಹೇಳು” ಎಂದಳು ಬಂದು. ಉತ್ತರ ಏನು ಬರುತ್ತದೋ ಎಂದು ಆಕೆಗೇ ಹೆದರಿಕೆ.

ಕಾಳಿಂಗ ಕೈ ತೊಳೆದುಕೊಂಡ. “ಅರೆಯೋದು ಬೇಜಾರು. ವಾಸನೆ ಇನ್ನೂ ಬೇಜಾರು. ಆದ್ರೆ ಆ ಹಂದಿ ತಾತ ನಾಳೆ ಹೇಗಿರ್ತಾರೆ ಅಂತ ನೋಡಬೇಕು. ನಾನು ಇಲ್ಲೇ ಬರ್ತೀನಿ.”

ಕೊಳದ ದಂಡೆಯಲ್ಲಿ ನಾಲ್ಕು ದಿನ ನೀರು ಎರಚಿ ಎರಚಿ ದೊಡ್ಡಮ್ಮ ಸೋತುಹೋಗಿತ್ತು. “ಬೇಗ ಬೇಗ ಊರ್ರಪ್ಪ, ಸೊಂಡಿಲು ಕಿತ್ತು ಬರ್ತಿದೆ” ಎಂದು ಗದರಿತು. ಹತ್ತೊಂಬತ್ತು ಮರಿಗಳಲ್ಲಿ ಜೇನಿನ ಕಲ್ಲಿನ ಮುಂದೆ ನಿಂತವು ನಾಲ್ಕೇ. ಆ ನಾಲ್ಕೂ ಹುಳು ಕಚ್ಚಿಸಿಕೊಂಡೂ ಮತ್ತೆ ಹತ್ತಿದ್ದವು. ನವಿಲಿನ ಮಗಳು ಕಾವಲು ಹಿಡಿದಳು, ಜಿಂಕೆಯ ಮಗಳು ನೀರಿನ ಜಾಡು ಹಿಡಿದಳು. ಇಬ್ಬರ ತಾಯಂದಿರೂ ಆ ದಿನ ಮಾತು ಬಿಟ್ಟರು. ಸಿಂಗಾರಯ್ಯ ಊದಿದ ಬಾಲ ಎಳೆದುಕೊಂಡು ಉಳಿದ ದಿನಗಳ ಬುಟ್ಟಿ ಹೊತ್ತು ಮುಗಿಸಿದ. ಅಂದಿನಿಂದ ಯಾರಾದರೂ ದಾರಿ ಕೇಳಿದರೆ, “ನನಗೇನು ಗೊತ್ತಪ್ಪ, ಮೇಷ್ಟ್ರಮ್ಮನ ಕೇಳಿ” ಎನ್ನುತ್ತಾನೆ.

ಕಾಳಿಂಗ ಮದ್ದಿನ ಕಲ್ಲಿನ ಮುಂದೆ ಹೆಜ್ಜೆ ಊರಿದ. ಮಣ್ಣಿನಲ್ಲಿ ಐದು ಉಗುರೂ ಸ್ಪಷ್ಟವಾಗಿ ಮೂಡಿದವು. ಕರಿಯಮ್ಮ ಸೊರ ಸೊರ ಮೂಗೆಳೆದುಕೊಂಡಳು. ದುಃಖವೋ, ಮಗ ಬಂಡೆಯಿಂದ ಬದುಕಿ ಬಂದ ಸಮಾಧಾನವೋ, ಅವಳಿಗೇ ತಿಳಿಯಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಪುಟ್ಟತಾಯಮ್ಮನ ಬಳಿ ಬಂದಳು.

“ಇವನದ್ದು ಆಯ್ತು ಮೇಷ್ಟ್ರಮ್ಮ. ಬರೋ ವರ್ಷ ನಮ್ಮ ಚಿಕ್ಕವಳು ಬರ್ತಾಳೆ. ಅವಳಿಗಾದ್ರೂ ಜೇನು ಆಗುತ್ತಾ? ಈಗಲೇ ಒಂದು ಮಾತು ಹೇಳಿಬಿಡಿ, ನಮಗೂ ನೆಮ್ಮದಿ.”

ಪುಟ್ಟತಾಯಮ್ಮನ ಉಳಿದ ಮುಳ್ಳುಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಕಾಳಿಂಗನೇ ತಿರುಗಿ ನಿಂತ.

“ಮೇಷ್ಟ್ರಮ್ಮನ ಯಾಕೆ ಕೇಳ್ತೀಯಮ್ಮ? ತಂಗೀನ ಕೇಳಿದ್ರೂ ಗೊತ್ತಿಲ್ಲ ಅಂತಾಳೆ. ಬುಟ್ಟಿ ನೀನೇ ಹೊತ್ತುಕೋ, ಅವಳ ಜೊತೆ ನಡಿ.”

ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಪುಟ್ಟತಾಯಮ್ಮನ ಮುಳ್ಳುಗಳು ತಾವಾಗಿಯೇ ಮಲಗಿದವು.

ನೀತಿ: ಯಾವ ಕೆಲಸ ತನಗೆ ಒಗ್ಗುತ್ತದೆ ಎಂಬುದು ಮಾಡಿ ನೋಡಿದವರಿಗೇ ತಿಳಿಯುತ್ತದೆ. ಜೊತೆಗೆ ಹೆಜ್ಜೆ ಹಾಕದೆ ದಾರಿ ಮಾತ್ರ ತೋರಿಸುವವರ ಮಾತು ನಂಬಬಾರದು.